ಮೋಟರ್‌ಹೋಮ್ ಟಾಪ್ ಎಸಿಯಿಂದ ನೀರು ಸೋರುತ್ತಿದೆಯಾ? ಮೊದಲು ಅದು ಯಾವ ನೀರು ಅಂತ ನೋಡಿ

ನಮ್ಮ ಗಾಡಿಯೊಳಗೆ, ಸೀಲಿಂಗ್‌ನಲ್ಲಿರುವ ಎಸಿ ಜಾಲರಿಯ ಮೂಲೆಯಿಂದ ಮೊದಲ ಹನಿ ಬಿದ್ದದ್ದು ಮೇ ತಿಂಗಳ ಒಂದು ಮಧ್ಯಾಹ್ನ. ಗಾಡಿ ದಾವಣಗೆರೆಯಲ್ಲಿ ಮನೆ ಮುಂದೆಯೇ ನಿಂತಿತ್ತು. ಹಿಂದಿನ ರಾತ್ರಿ ಜೋರು ಗಾಳಿ ಮಳೆ ಆಗಿದ್ದರಿಂದ ಮಳೆ ನೀರೇ ಇರಬೇಕು ಅಂದುಕೊಂಡೆ. ಎರಡು ಟ್ಯೂಬ್ ಸಿಲಿಕಾನ್ ತಂದು, ಎಸಿ ಟಾಪ್ ಮೇಲೆ ಕೂರುವ ಅಂಚಿನ ಸುತ್ತಲೂ ಬಳಿದೆ. ವಾರದೊಳಗೆ ಸೋರುವುದು ಇನ್ನೂ ಜಾಸ್ತಿ ಆಯಿತು. ಆ ನೀರು ಎಸಿಯೇ ಮಾಡಿದ್ದು. ಅದು ಹೊರಗೆ ಹೋಗುವ ದಾರಿಯನ್ನು ನಾನೇ ಮುಚ್ಚಿಬಿಟ್ಟಿದ್ದೆ. ಜಾಲರಿ ಬಿಚ್ಚಿ ನೋಡಿದರೆ, ಎಸಿ ಕೂರಿಸಲು ಟಾಪ್‌ನಲ್ಲಿ ಕೊರೆದ ತೂತಿನ ಅಂಚಿನ ಪ್ಲೈವುಡ್ ಕಪ್ಪಾಗಿತ್ತು. ಒತ್ತಿದರೆ ನೆನೆಸಿದ ಮಂಡಕ್ಕಿ ಹಾಗೆ ಬೆರಳು ಒಳಗೆ ಹೋಯಿತು.

ಮನೆ ಮಂದಿ ಎಲ್ಲಾ ಮಲಗುವ ಗಾಡಿ ಅದು. ಎಷ್ಟೋ ವರ್ಷ ದುಡ್ಡು ಕೂಡಿಸಿ ಕಟ್ಟಿಸಿಕೊಂಡದ್ದು. ನಿಮ್ಮ ಗಾಡಿಗೆ ಹಾಗಾಗಬಾರದು. ಸಿಲಿಕಾನ್ ಟ್ಯೂಬ್ ಕೈಗೆ ತಗೊಳ್ಳುವ ಮುಂಚೆ ಇದನ್ನೊಮ್ಮೆ ಪೂರ್ತಿ ಓದಿ. ಹೆಚ್ಚಿನ ಸೋರಿಕೆ ದುಡ್ಡು ಖರ್ಚಿಲ್ಲದೆ, ಅರ್ಧ ದಿನದ ಕೆಲಸದಲ್ಲಿ ನಿಲ್ಲುತ್ತದೆ.

ಎಸಿ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗಬೇಕು

ತಣ್ಣನೆ ನೀರು ತುಂಬಿದ ಸ್ಟೀಲ್ ಲೋಟದ ಹೊರಗೆ ಹನಿ ಕಟ್ಟುತ್ತದಲ್ವಾ, ಎಸಿ ಒಳಗಿನ ಕೂಲಿಂಗ್ ಕಾಯಿಲ್ ಮೇಲೆ ಆಗುವುದೂ ಅದೇ. ಗಾಳಿಯಲ್ಲಿದ್ದ ತೇವ ತಣ್ಣನೆ ಕಾಯಿಲ್‌ಗೆ ತಾಗಿ ನೀರಾಗುತ್ತದೆ. ಆ ನೀರು ಕಾಯಿಲ್ ಕೆಳಗಿನ ತಟ್ಟೆಗೆ ಇಳಿಯುತ್ತದೆ. ಅಲ್ಲಿಂದ ಸಣ್ಣ ತೂತುಗಳ ಮೂಲಕ ಹೊರಬಂದು ಗಾಡಿ ಟಾಪ್ ಮೇಲೆ ಹರಿದು, ಅಂಚಿನಿಂದ ಕೆಳಗೆ ಬೀಳುತ್ತದೆ. ಟಾಪ್ ಮೇಲಿಂದ ಗಾಡಿಯ ಹೊರಮೈ ಮೇಲೆ ನೀರು ಇಳಿಯುತ್ತಿದ್ದರೆ ಗಾಬರಿ ಬೇಡ. ಎಸಿ ಸರಿಯಾಗಿ ಕೆಲಸ ಮಾಡುತ್ತಿದೆ ಅಂತಲೇ ಅರ್ಥ. ಎಸಿ ಗಂಟೆಗಟ್ಟಲೆ ಓಡಿದರೂ ಟಾಪ್ ಮೇಲೆ ಒಂದು ಹನಿ ಇಲ್ಲ, ಒಳಗೆ ಮಾತ್ರ ಹನಿಯುತ್ತಿದೆ ಅಂದರೆ ಆಗ ಯೋಚನೆ ಮಾಡಬೇಕು.

ಎಷ್ಟು ನೀರು ಬರುತ್ತದೆ ಅನ್ನುವುದು ಊರಿನ ಗಾಳಿಯ ಮೇಲಿದೆ. ಏಪ್ರಿಲ್‌ನಲ್ಲಿ ಚಿತ್ರದುರ್ಗದ ಕಡೆ ಗಾಳಿ ಒಣಗಿರುತ್ತದೆ, ಎಸಿಯಿಂದ ಬರುವ ನೀರೂ ಕಡಿಮೆ. ಅದೇ ಗಾಡಿ ಶಿವಮೊಗ್ಗ, ಸಾಗರ ದಾಟಿ ಹೊನ್ನಾವರಕ್ಕೆ ಇಳಿಯಲಿ, ಗಂಟೆಗೆ ಒಂದು ಲೀಟರ್ ದಾಟುವುದೂ ಉಂಟು. ಹಾಗಾಗಿ ಊರಲ್ಲಿ ಸುಮ್ನಿದ್ದ ಎಸಿ ಸಮುದ್ರದ ದಂಡೆಗೆ ಹೋದ ಕೂಡಲೇ ಸೋರತೊಡಗಿದರೆ ಹೊಸ ತೂತು ಬಿದ್ದಿದೆ ಅಂತ ತಿಳಿಯಬೇಡಿ. ದಾರಿ ಮೊದಲೇ ಅರ್ಧ ಕಟ್ಟಿಕೊಂಡಿತ್ತು. ನೀರು ಕಡಿಮೆ ಇದ್ದಾಗ ಹೇಗೋ ಹೋಗುತ್ತಿತ್ತು, ಅಷ್ಟೇ.

ಮೇಲೆ ಹತ್ತುವ ಮುಂಚೆ

ಮೊದಲು ತಲೆ ಎತ್ತಿ ಕರೆಂಟ್ ತಂತಿ ನೋಡಿ. ನಮ್ಮ ಬೀದಿಗಳಲ್ಲಿ ತಂತಿ ಎಷ್ಟು ಕೆಳಗೆ ಹಾದಿರುತ್ತದೆ ಅಂತ ನಿಮಗೂ ಗೊತ್ತು. ಗಾಡಿ ಟಾಪ್ ಮೇಲೆ ನಿಂತರೆ ಅದು ಕೈಗೆ ಎಟಕುವಷ್ಟು ಹತ್ತಿರ ಬರಬಹುದು. ತಂತಿ ಇದ್ದರೆ ಗಾಡಿಯನ್ನು ಬಯಲಿಗೆ ತಗೊಂಡು ಹೋಗಿ. ಒದ್ದೆ ಟಾಪ್ ಮೇಲೆ ಹತ್ತಬೇಡಿ, ಮೋಡ ಗುಡುಗುವಾಗ ಅಂತೂ ಬೇಡವೇ ಬೇಡ. ಕೆಳಗೆ ಏಣಿ ಹಿಡಿಯಲು ಒಬ್ಬರಿರಲಿ. ಟಾಪ್ ಫೈಬರ್‌ನದ್ದಾದರೆ ಮೇಲೊಂದು ಪ್ಲೈವುಡ್ ಹಲಗೆ ಹಾಸಿ, ಅದರ ಮೇಲೆ ಮಂಡಿಯೂರಿ ಕೆಲಸ ಮಾಡಿ.

ಎಸಿ ಮುಚ್ಚಳ ತೆಗೆಯುವ ಮುಂಚೆ ಹೊರಗಿನ ಕರೆಂಟ್ ವಯರ್ ಕಿತ್ತಿಡಿ. ಇನ್ವರ್ಟರ್ ಆಫ್, ಜನರೇಟರ್ ಆಫ್. ರಿಮೋಟಿನಲ್ಲಿ ಆಫ್ ಮಾಡಿದರೆ ಸಾಲದು. ಒಳಗಿರುವ ಕೆಪಾಸಿಟರ್, ಅಂದರೆ ಉರುಟು ಡಬ್ಬಿಯಂಥದ್ದು, ಕರೆಂಟ್ ತೆಗೆದ ಮೇಲೂ ಶಾಕ್ ಹೊಡೆಯಬಲ್ಲದು. ಅದನ್ನೂ ಅದರ ವಯರ್‌ಗಳನ್ನೂ ಮುಟ್ಟಬೇಡಿ.

ಯಾವ ನೀರು ಅಂತ ಪತ್ತೆ ಹಚ್ಚುವುದು

ಖರ್ಚಿಲ್ಲದ ಪರೀಕ್ಷೆ ಇದು. ಎರಡು ದಿನ ಬೇಕು. ಮಳೆ ಇಲ್ಲದ ದಿನ, ಟಾಪ್ ಪೂರ್ತಿ ಒಣಗಿರುವಾಗ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಸಿಯನ್ನು ಎರಡು ಗಂಟೆ ಓಡಿಸಿ. ಜಾಲರಿ ಸುತ್ತ ನಾಲ್ಕೂ ಕಡೆ ಟಿಶ್ಯೂ ಪೇಪರ್ ಅಂಟಿಸಿಡಿ. ಮೊದಲು ಯಾವ ಮೂಲೆ ಒದ್ದೆಯಾಯಿತು, ಎಷ್ಟು ಹೊತ್ತಿಗೆ ಆಯಿತು ಅಂತ ಬರೆದಿಡಿ. ಆಗ ಸೋರಿದರೆ ಅದು ಎಸಿ ನೀರು.

ಮಾರನೆ ದಿನ ಎಸಿ ಮುಟ್ಟಲೇಬೇಡಿ. ಪೈಪಿನಿಂದ ಟಾಪ್ ಮೇಲೆ ನೀರು ಬಿಡಿ. ಆಗ ಸೋರಿದರೆ ಹೊರಗಿನ ನೀರು. ಎರಡೂ ಸಲ ಸೋರಿದರೆ ಎರಡು ತೊಂದರೆ ಇವೆ. ಆಗ ಎಸಿ ನೀರಿನ ದಾರಿಯನ್ನೇ ಮೊದಲು ಸರಿಮಾಡಿ, ಆಮೇಲೆ ಮಳೆ ನೀರಿನ ಕಡೆ ಬನ್ನಿ.

ಒಣ ಹವೆಯಲ್ಲೂ, ಎಸಿ ಹಾಕಿ ಒಂದು ಗಂಟೆಯಾದ ಮೇಲೆ ಸಣ್ಣಗೆ ಹನಿಯುತ್ತಿದ್ದರೆ

ಹತ್ತಿರ ಹತ್ತಿರ ಖಚಿತವಾಗಿ ನೀರು ಹೋಗುವ ತೂತು ಕಟ್ಟಿಕೊಂಡಿದೆ. ತಟ್ಟೆ ತುಂಬಲು ಸ್ವಲ್ಪ ಹೊತ್ತು ಬೇಕು, ಅದಕ್ಕೇ ಹಾಕಿದ ಕೂಡಲೇ ಸೋರುವುದಿಲ್ಲ. ತುಂಬಿದ ಮೇಲೆ ಅಂಚು ದಾಟಿ, ಟಾಪ್‌ನಲ್ಲಿ ಕೊರೆದ ಚೌಕದ ಮೂಲಕ ಒಳಗೆ ಇಳಿಯುತ್ತದೆ.

ನಮ್ಮ ಕಡೆ ಈ ತೂತು ಕಟ್ಟಿಸುವ ವಸ್ತುಗಳಿಗೆ ಬರವಿಲ್ಲ. ಯುಗಾದಿ ಆಸುಪಾಸಿನಲ್ಲಿ ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸಿದರೆ ಹೂವು ಉದುರಿ ಎಸಿ ಮುಚ್ಚಳದ ಒಳಗೆ ಸೇರುತ್ತದೆ. ನೆರಳು ಬೇಕೇ ಬೇಕು, ನಾನೂ ಹೊಂಗೆ ಕೆಳಗೇ ನಿಲ್ಲಿಸುತ್ತೇನೆ. ಆದರೆ ಆ ತಿಂಗಳಲ್ಲಿ ಎರಡು ಸಲ ತೆಗೆದು ನೋಡುತ್ತೇನೆ. ದೀಪಾವಳಿ ಹೊತ್ತಿಗೆ ಮೆಕ್ಕೆಜೋಳ ಒಕ್ಕುವಾಗ ರಸ್ತೆ ಪಕ್ಕ ಹೊಟ್ಟು ಹಾರುತ್ತಿರುತ್ತದೆ. ಮಂಡಕ್ಕಿ ಭಟ್ಟಿಗಳ ಹತ್ತಿರ ನಿಲ್ಲಿಸಿದರೆ ಬೂದಿ. ಇವೆಲ್ಲ ಕಾಯಿಲ್ ನೀರಿನ ಜೊತೆ ಸೇರಿ, ತಟ್ಟೆಯ ಮೂಲೆಯಲ್ಲಿ ಲೋಳೆಯಂಥ ಕೆಸರಾಗುತ್ತವೆ. ಗಾಡಿ ನಾಲ್ಕೈದು ತಿಂಗಳು ಸುಮ್ನೆ ನಿಂತಿದ್ದರೆ ಕುಂಬಾರ ಹುಳ ಬಂದು ತೂತಿನೊಳಗೇ ಮಣ್ಣಿನ ಗೂಡು ಕಟ್ಟಿರುತ್ತದೆ. ಅದು ಗಟ್ಟಿ, ನೀರಿಗೆ ಬೇಗ ಕರಗುವುದಿಲ್ಲ.

ಮುಚ್ಚಳದ ಸ್ಕ್ರೂ ಬಿಚ್ಚಿ ಎತ್ತಿಡಿ. ಸ್ಕ್ರೂಗಳನ್ನು ಒಂದು ಬಟ್ಟಲಿಗೆ ಹಾಕಿಕೊಳ್ಳಿ, ಉರುಳಿ ಕೆಳಗೆ ಬಿದ್ದರೆ ಸಿಗುವುದಿಲ್ಲ. ಮೊದಲು ಒಣ ಕಸವನ್ನು ಮೆತ್ತನೆ ಬ್ರಷ್‌ನಿಂದ ತೆಗೆಯಿರಿ. ಆಮೇಲೆ ಟಾರ್ಚ್ ಹಾಕಿ, ಕಾಯಿಲ್ ಕೆಳಗಿನ ತಟ್ಟೆಯಿಂದ ನೀರು ಎತ್ತ ಹೋಗಬೇಕು ಅಂತ ಕಣ್ಣಲ್ಲೇ ಹುಡುಕಿ. ಕೆಲವು ಎಸಿಗಳಲ್ಲಿ ಎರಡು ತೂತು, ಕೆಲವದರಲ್ಲಿ ನಾಲ್ಕು. ಕೆಲವದರಲ್ಲಿ ಸಣ್ಣ ರಬ್ಬರ್ ಪೈಪ್ ಇರುತ್ತದೆ. ಪ್ಲಾಸ್ಟಿಕ್ ಕೇಬಲ್ ಟೈ ಒಂದನ್ನು ತೂತಿನಲ್ಲಿ ಮೆಲ್ಲಗೆ ಆಡಿಸಿ. ಮೊಳೆ, ಸ್ಕ್ರೂಡ್ರೈವರ್, ಸೈಕಲ್ ಕಡ್ಡಿ ಬೇಡ. ಪಕ್ಕದಲ್ಲೇ ಗ್ಯಾಸ್ ತುಂಬಿದ ಕಾಯಿಲ್ ಇದೆ. ಅದಕ್ಕೆ ಚುಚ್ಚಿದರೆ ಸಣ್ಣ ಕೆಲಸ ದೊಡ್ಡ ಖರ್ಚಾಗುತ್ತದೆ. ಲೋಳೆ ಹೋಗಲು ಪಾತ್ರೆ ತೊಳೆಯುವ ಸೋಪು ಬೆರೆಸಿದ ಉಗುರು ಬೆಚ್ಚಗಿನ ನೀರು ಸಾಕು. ಆಸಿಡ್ ಹಾಕಬೇಡಿ, ಅಲ್ಯೂಮಿನಿಯಂ ಕಾಯಿಲ್ ತಿಂದುಹೋಗುತ್ತದೆ.

ಈಗ ಒಂದು ಲೋಟ ನೀರನ್ನು ತಟ್ಟೆಗೆ ನಿಧಾನವಾಗಿ ಹಾಕಿ. ಒಳಗೆ ಒಬ್ಬರು ಜಾಲರಿ ಕೆಳಗೆ ನಿಂತು ನೋಡಲಿ. ನಮ್ಮ ಗಾಡಿಯಲ್ಲಿ ನಾನು ಬಳಿದಿದ್ದ ಸಿಲಿಕಾನನ್ನು ಬ್ಲೇಡಿನಿಂದ ಕೆರೆದು ತೆಗೆದು, ಹೀಗೇ ನೀರು ಹಾಕಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಹಿಂದಿನ ಅಂಚಿನಿಂದ ಕಂದು ಬಣ್ಣದ ನೀರು ಗುಳಕ್ಕಂತ ಹೊರಬಂತು. ಜೊತೆಗೆ ಹೊಂಗೆ ಹೂವಿನ ಒಣ ಎಸಳುಗಳು. ಎರಡನೇ ಲೋಟಕ್ಕೆ ನೀರು ತಿಳಿಯಾಯಿತು. ಒಳಗಿನಿಂದ ಮಗಳು, "ಅಪ್ಪಾ, ಇಲ್ಲಿ ಒಂದು ಹನೀನೂ ಇಲ್ಲ" ಅಂದಳು. ಆ ಮಾತು ಕೇಳಲು ನಾನು ಒಂದು ತಿಂಗಳಿಂದ ಕಾದಿದ್ದೆ.

ನೀರು ಸಲೀಸಾಗಿ ಹೊರಗೆ ಹೋದರೂ ಒಳಗೆ ಹನಿಯುತ್ತಿದ್ದರೆ ತಟ್ಟೆಯೇ ಬಿರುಕು ಬಿಟ್ಟಿರಬಹುದು ಅಥವಾ ತುಕ್ಕು ಹಿಡಿದಿರಬಹುದು. ಅದಕ್ಕೆ ಎಸಿ ಎತ್ತಬೇಕಾಗುತ್ತದೆ, ಮೆಕ್ಯಾನಿಕ್ ಕರೆಸಿ.

ಇಳಿಜಾರಿನಲ್ಲಿ ನಿಲ್ಲಿಸಿದಾಗ ಅಥವಾ ಬ್ರೇಕ್ ಹಾಕಿದಾಗ ಮಾತ್ರ ನೀರು ಬಿದ್ದರೆ

ತಟ್ಟೆ ತುಂಬಾ ಆಳ ಇರುವುದಿಲ್ಲ. ಗಾಡಿ ಒಂದು ಕಡೆ ವಾಲಿ ನಿಂತರೆ ನೀರು ತೂತಿನ ಕಡೆ ಹೋಗದೆ ಎದುರು ಅಂಚಿಗೆ ಸೇರುತ್ತದೆ. ಚಿತ್ರದುರ್ಗದಲ್ಲಿ ಗುಡ್ಡದ ಬದಿ ರಸ್ತೆಯಲ್ಲಿ ನಿಲ್ಲಿಸಿ ಎಸಿ ಹಾಕಿ ಮಲಗಿದರೆ ಹೀಗಾಗುವುದು ಸಹಜ. ಚಕ್ರದ ಕೆಳಗೆ ಹಲಗೆ ಕೊಟ್ಟು ಗಾಡಿ ಮಟ್ಟ ಮಾಡಿ. ಅರ್ಧ ನೀರು ತುಂಬಿದ ಬಾಟಲಿಯನ್ನು ಅಡುಗೆ ಕಟ್ಟೆ ಮೇಲೆ ಅಡ್ಡ ಮಲಗಿಸಿದರೆ ಮಟ್ಟ ಗೊತ್ತಾಗುತ್ತದೆ. ಹೆದ್ದಾರಿ ಉಬ್ಬಿನಲ್ಲಿ ಬ್ರೇಕ್ ಹಾಕಿದಾಗ ಒಂದು ಸಲಕ್ಕೆ ನೀರು ಚೆಲ್ಲಿದರೆ ತಟ್ಟೆಯಲ್ಲಿ ನೀರು ನಿಂತಿದೆ ಅಂತಲೇ. ಮೇಲೆ ಹೇಳಿದ ತೂತಿನ ಕೆಲಸಕ್ಕೆ ವಾಪಸ್ ಹೋಗಿ.

ಗಾಳಿ ಕಡಿಮೆಯಾಗುತ್ತಾ ಬಂದು, ಆಫ್ ಮಾಡಿದ ಮೇಲೆ ದಬದಬ ನೀರು ಸುರಿದರೆ

ಕಾಯಿಲ್ ಮೇಲೆ ಐಸ್ ಕಟ್ಟಿದೆ. ಗಾಳಿ ಸರಿಯಾಗಿ ಹಾದುಹೋಗದಿದ್ದರೆ ಕಾಯಿಲ್ ಸೊನ್ನೆ ಡಿಗ್ರಿಗಿಂತ ಕೆಳಗಿಳಿದು, ಅದರ ಮೇಲಿನ ನೀರೇ ಹೆಪ್ಪುಗಟ್ಟುತ್ತದೆ. ಐಸ್ ಬೆಳೆದಷ್ಟೂ ಗಾಳಿ ಇನ್ನೂ ಕಡಿಮೆ. ಆಫ್ ಮಾಡಿದಾಗ ಎಲ್ಲಾ ಒಟ್ಟಿಗೆ ಕರಗುತ್ತದೆ. ಅಷ್ಟು ನೀರು ಸಣ್ಣ ತೂತಿನಲ್ಲಿ ಹೋಗಲು ಆಗುವುದಿಲ್ಲ.

ಕೂಲಿಂಗ್ ನಿಲ್ಲಿಸಿ, ಫ್ಯಾನ್ ಮಾತ್ರ ಹಾಕಿ ಐಸ್ ಕರಗಲು ಬಿಡಿ. ಕೆಳಗೆ ಬಕೆಟ್ ಇಡಿ, ಹಾಸಿಗೆ ಸರಿಸಿ. ಚಾಕು ಹಾಕಿ ಐಸ್ ಕೀಳಬೇಡಿ. ಆಮೇಲೆ ಜಾಲರಿ ಹಿಂದಿನ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಆಚೆ ಕಾಣದಷ್ಟು ಧೂಳಿದ್ದರೆ ಕಾರಣ ಅಲ್ಲೇ ಇದೆ. ತೊಳೆದು, ನೆರಳಲ್ಲಿ ಒಣಗಿಸಿ ಹಾಕಿ. ನಮ್ಮ ಕೆಂಪು ಧೂಳಿಗೆ, ದಿನಾ ಎಸಿ ಓಡಿಸುವವರು ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆದರೆ ಒಳ್ಳೆಯದು. ಬೇಗ ತಣ್ಣಗಾಗಲಿ ಅಂತ ಎಸಿ ಗಾಳಿ ಬರುವ ಎರಡು ಕಿಂಡಿ ಮುಚ್ಚಿ ಒಂದರಲ್ಲೇ ಗಾಳಿ ಬಿಡುವುದು, ರಾತ್ರಿಯಿಡೀ ಕಡಿಮೆ ಫ್ಯಾನ್‌ನಲ್ಲಿ ಕನಿಷ್ಠ ಡಿಗ್ರಿಗೆ ಇಡುವುದು, ಇವೆರಡೂ ಐಸ್ ಕಟ್ಟಿಸುತ್ತವೆ.

ಫಿಲ್ಟರ್ ಶುದ್ಧ, ಕಿಂಡಿ ಎಲ್ಲಾ ತೆರೆದಿವೆ, ಆದರೂ ಐಸ್ ಕಟ್ಟುತ್ತಿದೆ ಅಂದರೆ ಗ್ಯಾಸ್ ಕಡಿಮೆಯಾಗಿರಬಹುದು, ಇಲ್ಲವೇ ಫ್ಯಾನ್ ಮೋಟರ್ ಸೋತಿರಬಹುದು. ಇಲ್ಲಿಗೆ ನಮ್ಮ ಕೆಲಸ ಮುಗಿಯಿತು. ಟಾಪ್ ಮೇಲೆ ಕೂರುವ ಎಸಿಯ ಗ್ಯಾಸ್ ಭಾಗ ಸಾಮಾನ್ಯವಾಗಿ ಬೆಸುಗೆ ಹಾಕಿ ಮುಚ್ಚಿದ್ದು. ಗ್ಯಾಸ್ ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ. ಸೋರುವ ಜಾಗ ಹುಡುಕದೆ ಸುಮ್ನೆ ಗ್ಯಾಸ್ ತುಂಬುತ್ತೇನೆ ಅನ್ನುವವರಿಗೆ ಒಪ್ಪಬೇಡಿ.

ಜಾಲರಿ ಅಂಚಿನ ಸುತ್ತಲೂ ಬೆವರಿದ ಹಾಗೆ ಒದ್ದೆಯಾದರೆ

ಒಂದೇ ಜಾಗದಿಂದ ಹನಿ ಬೀಳದೆ, ಜಾಲರಿ ಸುತ್ತ ಮಂಜು ಹಿಡಿದ ಹಾಗೆ ತೇವ ಕಾಣುತ್ತದೆ. ಒಳಗಿನ ತಣ್ಣನೆ ಗಾಳಿ ಸಂದಿಯಲ್ಲಿ ನುಸುಳಿ ಸೀಲಿಂಗ್ ಹಲಗೆಯನ್ನು ತಣ್ಣಗೆ ಮಾಡುತ್ತಿದೆ, ಅದರ ಮೇಲೆ ಗಾಡಿಯೊಳಗಿನ ತೇವ ನೀರಾಗುತ್ತಿದೆ. ಬಾಗಿಲು ತೆರೆದಿಟ್ಟು ಎಸಿ ಹಾಕಿದರೆ ಅಥವಾ ಒಳಗೆ ಅನ್ನ ಬೇಯುವಾಗ ಕುಕ್ಕರ್ ಹಬೆ ತುಂಬಿಕೊಂಡರೆ ಇದು ಜಾಸ್ತಿ. ಬಾಗಿಲು ಮುಚ್ಚಿ, ಅಡುಗೆ ಮಾಡುವಾಗ ಎಸಿ ನಿಲ್ಲಿಸಿ ಕಿಟಕಿ ತೆರೆಯಿರಿ. ಆಮೇಲೂ ಇದ್ದರೆ ಜಾಲರಿ ಬಿಚ್ಚಿ, ತಣ್ಣನೆ ಗಾಳಿ ಬಿಡುವ ಭಾಗ ಮತ್ತು ಗಾಳಿ ಎಳೆಯುವ ಭಾಗದ ನಡುವಿನ ಅಡ್ಡ ತಗಡು ನೋಡಿ. ಅಲ್ಲಿ ಸಂದಿ ಇದ್ದರೆ ಅಲ್ಯೂಮಿನಿಯಂ ಫಾಯಿಲ್ ಟೇಪ್ ಹಚ್ಚಿ ಮುಚ್ಚಿ. ಬಟ್ಟೆ ಟೇಪ್ ತೇವಕ್ಕೆ ಕಿತ್ತು ಬರುತ್ತದೆ.

ಮಳೆ ಬಂದಾಗ ಅಥವಾ ಗಾಡಿ ತೊಳೆದಾಗ ಮಾತ್ರ ಸೋರಿದರೆ

ಇಲ್ಲಿ ತಾಳ್ಮೆ ಬೇಕು. ನೀರು ಒಳಗೆ ಬರುವ ಜಾಗ ಒಂದು, ಕಾಣಿಸುವ ಜಾಗ ಇನ್ನೊಂದು. ಸೀಲಿಂಗ್ ಮೇಲಿನ ಕಬ್ಬಿಣದ ಅಡ್ಡಪಟ್ಟಿ ಹಿಡಿದು ನೀರು ಮೂರ್ನಾಲ್ಕು ಅಡಿ ಹರಿದು ಬಂದು, ಎಸಿ ತೂತು ಸಿಕ್ಕಿದ ಕಡೆ ಕೆಳಗೆ ಬೀಳುತ್ತದೆ. ತಪ್ಪು ಎಸಿ ಮೇಲೆ ಬರುತ್ತದೆ. ಸೋಲಾರ್ ಪ್ಯಾನಲ್ ಕೂರಿಸಿದ ಸ್ಕ್ರೂ, ವಯರ್ ಒಳಗಿಳಿಯುವ ತೂತು, ಗಾಳಿ ಫ್ಯಾನಿನ ಅಂಚು, ಟಾಪ್ ಹಾಳೆಗಳು ಸೇರುವ ಜೋಡಣೆ, ಇವನ್ನೆಲ್ಲ ಮೊದಲು ನೋಡಿ. ಹಳೇ ಸೀಲಂಟ್, ಅಂದರೆ ಸಂದಿ ಮುಚ್ಚಲು ಹಾಕಿದ ಅಂಟು, ಒಣಗಿ ಕೆರೆ ತಳದ ಹಾಗೆ ಬಿರುಕು ಬಿಟ್ಟಿದ್ದರೆ ಅದನ್ನು ಕೆರೆದು ತೆಗೆದು, ಒರೆಸಿ, ಒಣಗಿದ ಮೇಲೆ ಹೊಸದು ಹಾಕಿ. ಹಳೆಯದರ ಮೇಲೇ ಬಳಿದರೆ ಹಿಡಿಯುವುದಿಲ್ಲ.

ಪೈಪಿನಿಂದ ನೀರು ಬಿಡುವಾಗ ಕೆಳಗಿನ ಭಾಗದಿಂದ ಶುರು ಮಾಡಿ. ಒಂದು ಜಾಗಕ್ಕೆ ಹತ್ತು ನಿಮಿಷ ಬಿಡಿ, ಒಳಗೆ ನೋಡಿ, ಆಮೇಲೆ ಮೇಲಕ್ಕೆ ಹೋಗಿ. ಎಸಿ ಸುತ್ತ ಕೊನೆಗೆ ಬನ್ನಿ. ಎಲ್ಲಾ ಕಡೆ ಒಟ್ಟಿಗೆ ನೀರು ಹೊಡೆದರೆ ಏನೂ ಗೊತ್ತಾಗುವುದಿಲ್ಲ. ಸರ್ವಿಸ್ ಸ್ಟೇಷನ್‌ನ ಪ್ರೆಶರ್ ಗನ್ ಬಳಸಬೇಡಿ, ಎಸಿ ಮತ್ತು ಟಾಪ್ ನಡುವಿನ ಗ್ಯಾಸ್ಕೆಟ್ ಚೆನ್ನಾಗಿದ್ದರೂ ಅದು ಒಳಗೆ ನೀರು ನುಗ್ಗಿಸುತ್ತದೆ. ಗೊಂದಲವಾದರೆ ಜಿಲೇಬಿಗೆ ಹಾಕುವ ಬಣ್ಣವನ್ನು ನೀರಿಗೆ ಬೆರೆಸಿ ಅನುಮಾನ ಇರುವ ಜಾಗಕ್ಕೆ ಸ್ವಲ್ಪ ಹಾಕಿ. ಟಿಶ್ಯೂ ಪೇಪರ್ ಮೇಲೆ ಬಣ್ಣ ಬಂದರೆ ಜಾಗ ಸಿಕ್ಕ ಹಾಗೆ.

ಎಲ್ಲಾ ಬಿಟ್ಟು ಎಸಿ ಸುತ್ತ ನೀರು ಹಾಕಿದಾಗ ಮಾತ್ರ ಸೋರಿದರೆ ಗ್ಯಾಸ್ಕೆಟ್ ನೋಡಬೇಕು. ಹೆಚ್ಚಿನ ಮೋಟರ್‌ಹೋಮ್ ಎಸಿಗಳು 14 ಇಂಚು ಉದ್ದ, 14 ಇಂಚು ಅಗಲದ ಚೌಕದ ಮೇಲೆ ಕೂರುತ್ತವೆ. ನಡುವೆ ಸುಮಾರು ಒಂದು ಇಂಚು ದಪ್ಪದ ಫೋಮ್ ಗ್ಯಾಸ್ಕೆಟ್ ಇರುತ್ತದೆ. ಒಳಗಿನಿಂದ ಬಿಗಿಯುವ ಉದ್ದನೆ ಬೋಲ್ಟ್‌ಗಳು ಅದನ್ನು ಅರ್ಧ ಇಂಚಿಗೆ ಅದುಮಿ ಹಿಡಿಯುತ್ತವೆ. ನಮ್ಮ ರಸ್ತೆ ಕುಲುಕಾಟಕ್ಕೆ ಬೋಲ್ಟ್ ಸಡಿಲ ಆಗುತ್ತದೆ, ಫೋಮ್ ಕೂಡ ವರ್ಷಗಳಲ್ಲಿ ಸೊರಗುತ್ತದೆ.

ಜಾಲರಿ ತೆಗೆದರೆ ಬೋಲ್ಟ್ ಕಾಣುತ್ತವೆ. ಸಣ್ಣ ಪಾನಾದಿಂದ, ಒಂದಾದ ಮೇಲೆ ಅದರ ಎದುರು ಮೂಲೆಯದ್ದು, ಹೀಗೆ ಅರ್ಧರ್ಧ ಸುತ್ತು ಬಿಗಿ ಮಾಡಿ. ಟಾರ್ಚ್ ಹಾಕಿ ನಾಲ್ಕೂ ಬದಿ ಫೋಮ್ ಒಂದೇ ಸಮ ಅದುಮಿದೆಯಾ ನೋಡಿ. ಎಸಿಯ ಕೈಪಿಡಿಯಲ್ಲಿ ಎಷ್ಟು ಬಿಗಿ ಅಂತ ಬರೆದಿರುತ್ತದೆ, ಅದನ್ನು ಮೀರಬೇಡಿ. ಜೋರು ಬಿಗಿದರೆ ಎಸಿಯ ತಳ ಬಗ್ಗುತ್ತದೆ, ಆಗ ತಟ್ಟೆಯ ನೀರೂ ದಾರಿ ತಪ್ಪುತ್ತದೆ. ಫೋಮ್ ಆಗಲೇ ಅರ್ಧ ಇಂಚಿಗೂ ಕಡಿಮೆ ಇದ್ದು ಇನ್ನೂ ಸೋರುತ್ತಿದ್ದರೆ ಬಿಗಿಯುವುದು ಬಿಡಿ, ಹೊಸ ಗ್ಯಾಸ್ಕೆಟ್ ಹಾಕಿಸಿ. ಎಸಿ ಎತ್ತಲು ಕನಿಷ್ಠ ಮೂರು ಜನ ಬೇಕು. 35 ಕಿಲೋದಿಂದ 50 ಕಿಲೋವರೆಗೆ ತೂಕ ಇರುತ್ತದೆ, ಎತ್ತರದಲ್ಲಿ ಅದು ಇನ್ನೂ ಭಾರ. ಎಳೆದಾಡಿ ಸರಿಸಿದರೆ ಫೋಮ್ ಹರಿಯುತ್ತದೆ, ನೆಟ್ಟಗೆ ಎತ್ತಿ ನೆಟ್ಟಗೆ ಇಳಿಸಿ. ಗ್ಯಾಸ್ಕೆಟ್ ಬದಲು ಸಿಲಿಕಾನ್ ಸಾಕು ಅಂತ ಯಾರು ಹೇಳಿದರೂ ಕೇಳಬೇಡಿ.

ಟೆಂಪೋ ಟ್ರಾವೆಲರ್ ಮಾದರಿ ಎಸಿ ಇದ್ದರೆ

ನಮ್ಮ ಕಡೆ ಎಷ್ಟೋ ಗಾಡಿಗಳಲ್ಲಿ ಎಂಜಿನ್‌ನಿಂದ ಓಡುವ ಎಸಿಯೇ ಇದೆ. ಅದರಲ್ಲಿ ಕೂಲಿಂಗ್ ಕಾಯಿಲ್ ಸೀಲಿಂಗ್ ಒಳಗಿರುತ್ತದೆ. ನೀರು ಟಾಪ್ ಮೇಲೆ ಹೋಗುವುದಿಲ್ಲ. ನೀರು ಹೋಗುವ ಡ್ರೈನ್ ಪೈಪ್‌ಗಳು ಗಾಡಿ ಬಾಡಿಯ ಕಂಬದೊಳಗೆ ಇಳಿದು ಗಾಡಿ ಅಡಿಯಲ್ಲಿ ಹೊರಬರುತ್ತವೆ. ಎಸಿ ಹಾಕಿ ಅರ್ಧ ಗಂಟೆ ಬಿಟ್ಟು ಅಡಿಗೆ ಬಗ್ಗಿ ನೋಡಿ. ಒಂದು ಬದಿ ನೀರು ಬೀಳುತ್ತಿದೆ, ಇನ್ನೊಂದು ಬದಿ ಒಣಗಿದೆ ಅಂದರೆ ಒಣ ಬದಿಯ ಪೈಪ್ ಕಟ್ಟಿದೆ. ಕೆಳತುದಿಗೆ ಹತ್ತಿದ ಕೆಸರು ತೆಗೆದು, ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಊದಿ. ಪಂಚರ್ ಅಂಗಡಿಯ ಕಂಪ್ರೆಸರ್ ಗಾಳಿ ಹೊಡೆಸಿದರೆ ಸೀಲಿಂಗ್ ಒಳಗಿನ ಜೋಡಣೆ ಕಿತ್ತುಬರುತ್ತದೆ. ಆಮೇಲೆ ಇಡೀ ಸೀಲಿಂಗ್ ಬಿಚ್ಚಬೇಕು.

ತಕ್ಷಣ ನಿಲ್ಲಿಸಬೇಕಾದ ಸಂದರ್ಭಗಳು

ನೀರು ಲೈಟು, ಸ್ವಿಚ್ ಅಥವಾ ಎಸಿಯ ವಯರ್ ಡಬ್ಬಿ ಮೇಲೆ ಬೀಳುತ್ತಿದ್ದರೆ ಮೇನ್ ಆಫ್ ಮಾಡಿ, ಒದ್ದೆ ಜಾಗ ಮುಟ್ಟದೆ ಎಲೆಕ್ಟ್ರಿಷಿಯನ್ ಕರೆಸಿ. ಎಸಿ ಹಾಕಿದ ಕೂಡಲೇ ಟ್ರಿಪ್ ಆಗುತ್ತಿದ್ದರೆ ಮತ್ತೆ ಮತ್ತೆ ಎತ್ತಿ ಹಾಕಬೇಡಿ. ಗಾಡಿ ಮೈ ಮುಟ್ಟಿದಾಗ ಜುಮ್ ಅಂದರೆ ಮಕ್ಕಳನ್ನು ಮೊದಲು ದೂರ ಕಳಿಸಿ, ಎಲ್ಲರೂ ದೂರ ನಿಲ್ಲಿ, ಅರ್ಥಿಂಗ್ ನೋಡಿಸುವವರೆಗೆ ಕರೆಂಟ್ ಕೊಡಬೇಡಿ. ಸೀಲಿಂಗ್ ಪ್ಲೈವುಡ್ ಹೊಟ್ಟೆ ಬಿಟ್ಟು ಜೋತಿದ್ದರೆ ಅದರ ಕೆಳಗೆ ಯಾರೂ ಮಲಗಬಾರದು. ಎಸಿ ತೂಕ ಹೊರುವ ಚೌಕವೇ ಕೊಳೆತಿರಬಹುದು, ಅದು ಬಾಡಿ ಕಟ್ಟುವವರ ಕೆಲಸ. ಎಸಿ ಪೈಪಿನ ಹತ್ತಿರ ಎಣ್ಣೆ ಜಿಡ್ಡು, ಬುಸ್ ಅನ್ನುವ ಸದ್ದು ಇದ್ದರೆ ಗ್ಯಾಸ್ ಮೆಕ್ಯಾನಿಕ್‌ಗೆ ಬಿಡಿ.

ಸೋರುವುದು ನಿಂತ ಮೇಲೆ

ಜಾಲರಿಯನ್ನು ಕೂಡಲೇ ಮುಚ್ಚಬೇಡಿ. ನಾಲ್ಕೈದು ದಿನ ತೆರೆದಿಟ್ಟು, ಕಿಟಕಿ ತೆಗೆದು ಗಾಳಿಯಾಡಲು ಬಿಡಿ. ತೂತಿನ ಅಂಚಿನ ಮರವನ್ನು ಉಗುರಿನಿಂದ ಒತ್ತಿ ನೋಡಿ. ಗಟ್ಟಿ ಇದ್ದರೆ ಒಣಗಿದ ಮೇಲೆ ಬಣ್ಣ ಹೊಡೆದರೆ ಸಾಕು. ಮೆತ್ತಗಿದ್ದರೆ ಆ ತುಂಡು ಕತ್ತರಿಸಿ ಹೊಸ ಮರ ಹಾಕಿಸಲೇಬೇಕು. ನಮ್ಮ ಗಾಡಿಯಲ್ಲಿ ಒಂದು ಬದಿಗೆ ಒಂದೂವರೆ ಅಡಿ ಪಟ್ಟಿ ಬದಲಾಯಿಸಬೇಕಾಯಿತು. ಆ ಕೆಲಸ ಮಾಡಿದ ಬಡಗಿ, "ಸರ್, ಇನ್ನೊಂದು ಮಳೆಗಾಲ ಬಿಟ್ಟಿದ್ರೆ ಎಸಿ ಕೆಳಗೇ ಬರ್ತಿತ್ತು" ಅಂದರು.

ಹೊಸ ಗ್ಯಾಸ್ಕೆಟ್ ಹಾಕಿಸಿದ್ದರೆ ಮೊದಲ ದೂರದ ಪ್ರಯಾಣ ಮುಗಿಸಿ ಬಂದು ಬೋಲ್ಟ್‌ಗಳನ್ನು ಇನ್ನೊಮ್ಮೆ ನೋಡಿ. ಫೋಮ್ ಕೂತಿರುತ್ತದೆ, ಕಾಲು ಸುತ್ತು ಬೇಕಾಗಬಹುದು. ಭರಣಿ ಮಳೆ ಶುರುವಾಗುವ ಮುಂಚೆ, ಅಂದರೆ ಏಪ್ರಿಲ್ ಕೊನೆಯ ವಾರದೊಳಗೆ, ಒಂದು ಲೋಟ ನೀರಿನ ಪರೀಕ್ಷೆ ಮತ್ತೆ ಮಾಡಿ.